ವಂದನಾರ್ಪಣೆಯಲ್ಲಿ ಸಂಶೋಧನೆ ಬೆರೆಸಕೂಡದು

ರಾಜ್ಯ ಸುಧಾರಣೆ, ಅಧಿಕಾರ ಹಂಚಿಕೆ ಹಾಗೂ ಅಲ್ಪಸಂಖ್ಯಾತರ ಹಕ್ಕುಗಳ ಅಧ್ಯಯನ ಕೇಂದ್ರ
ಜಲನಗರ, ವಿಜಯಪುರ

ಸುತ್ತೋಲೆ ಸಂಖ್ಯೆ: ಅಕೇಂ/ವಂದನೆ/12

ವಿಷಯ: ವಂದನಾರ್ಪಣೆಯ ವೇಳೆ ಪ್ರಬಂಧ ಮಂಡಿಸುವುದನ್ನು ನಿರ್ಬಂಧಿಸುವ ಕುರಿತು.
ಉಲ್ಲೇಖ: ತಿಕೋಟಾ ವಿಚಾರಗೋಷ್ಠಿಯ ಊಟದ ಹೊತ್ತಿನ ಘಟನೆ.

ಕೇಂದ್ರದ ಏಕೈಕ ಅಲ್ಪಸಂಖ್ಯಾತ ಸಂಶೋಧಕಿ ಸಬೀರಾ ಅವರಿಗೆ ಐದು ವರ್ಷಗಳಿಂದ ಪ್ರತಿ ಗೋಷ್ಠಿಯಲ್ಲೂ ವಂದನಾರ್ಪಣೆಯ ಗೌರವವನ್ನು ತಪ್ಪದೆ ನೀಡುತ್ತ ಬರಲಾಗಿದೆ. ಪ್ರಬಂಧ ಮಂಡಿಸಲು ಅವರು ಸಲ್ಲಿಸಿದ ಒಂಬತ್ತು ಅರ್ಜಿಗಳು ಪರಿಶೀಲನೆಯಲ್ಲಿವೆ.

ಹೀಗಿರುವಾಗ, ತಿಕೋಟಾದಲ್ಲಿ ಸಭಿಕರೆಲ್ಲ ಊಟಕ್ಕೆ ಎದ್ದ ಮೇಲೆ ಸದರಿಯವರು ವಂದನೆಯ ನೆಪದಲ್ಲಿ ಇಪ್ಪತ್ತೆರಡು ನಿಮಿಷ ಪ್ರಬಂಧವನ್ನೇ ಓದಿರುತ್ತಾರೆ. ಮೈಕಿನ ಒಂದು ಹಾರ್ನ್ ಊಟದ ಪೆಂಡಾಲಿನಲ್ಲೂ ಇದ್ದುದರಿಂದ, ತಟ್ಟೆ ಹಿಡಿದು ನಿಂತವರಿಗೆ ಕೇಳದೆ ಗತ್ಯಂತರವಿರಲಿಲ್ಲ. ತಿಕೋಟಾ, ಬಬಲೇಶ್ವರ ಭಾಗದ ಗ್ರಾಮ ಸಮಿತಿಗಳ ನಲವತ್ತೊಂದು ಸಭೆಗಳ ನಡಾವಳಿಯಲ್ಲಿ ಅಲ್ಪಸಂಖ್ಯಾತ ಸದಸ್ಯರ ಬಗ್ಗೆ ದಾಖಲಾಗಿರುವುದು "ವಂದಿಸಿದರು" ಎಂಬುದೊಂದೇ ಎಂಬುದು ಪ್ರಬಂಧದ ಸಾರ. ಇದಕ್ಕೂ ಕೇಂದ್ರಕ್ಕೂ ಯಾವುದೇ ಸಂಬಂಧವಿಲ್ಲವೆಂದು ಸ್ಪಷ್ಟಪಡಿಸಲಾಗಿದೆ.

ಸಭಿಕರಾದ ರಾಚವ್ವ ಅವರು, "ನಾವು ಊಟಕ್ಕಂತನ ಬಂದಿದ್ವಿರಿ. ಆಕಿ ಮಾತ ಕೇಳಿ ರೊಟ್ಟಿ ಕೈಯಾಗ ಉಳೀತು. ಮುಂಜಾನಿಂದ ಆಕಿನ್ನ ಎಲ್ಲಿ ಮುಚ್ಚಿಟ್ಟಿದ್ರಿ ಸರ?" ಎಂದು ಕೇಳಿರುತ್ತಾರೆ. ಆ ವೇಳೆ ಕೆಳಸಹಿದಾರರ ಬಾಯಲ್ಲಿ ಮಾದಲಿಯ ಸಿಹಿ ತುತ್ತು ಇದ್ದ ಕಾರಣ ಉತ್ತರ ನೀಡಲಾಗಿರುವುದಿಲ್ಲ.

ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

1. ವಂದನೆ ಮೂರು ನಿಮಿಷ ಮೀರತಕ್ಕದ್ದಲ್ಲ. ಅದರಲ್ಲಿ ಅಂಕಿ-ಅಂಶ ಕಂಡುಬಂದಲ್ಲಿ ಸಂಶೋಧನೆಯೆಂದೇ ಭಾವಿಸಲಾಗುವುದು.

2. ವಂದಿಸುವಾಗ "ಆದರೆ" ಎಂಬ ಪದ ಬಳಸಲು ಎರಡು ಪ್ರತಿಗಳಲ್ಲಿ ಅರ್ಜಿ ಸಲ್ಲಿಸಿ ಪೂರ್ವಾನುಮತಿ ಪಡೆಯತಕ್ಕದ್ದು.

3. ಪೆಂಡಾಲಿನ ಹಾರ್ನನ್ನು ಪಕ್ಕದ ದ್ರಾಕ್ಷಿ ತೋಟದ ಕಡೆ ತಿರುಗಿಸತಕ್ಕದ್ದು. ತೋಟದವರು ಆಕ್ಷೇಪಿಸಿದಲ್ಲಿ ಅವರನ್ನೂ ಸಭಿಕರ ಹಾಜರಿಗೆ ಸೇರಿಸಿಕೊಳ್ಳತಕ್ಕದ್ದು.

4. ವಂದಿಸಿ ಬರುವಷ್ಟರಲ್ಲಿ ಊಟ ಖಾಲಿಯಾಗಿರುತ್ತದೆಂಬ ದೂರು "ಅಧಿಕಾರ ಹಂಚಿಕೆ"ಯ ವ್ಯಾಪ್ತಿಗೆ ಬರುವುದಿಲ್ಲ.

5. ಮುಂದಿನ ತೊರವಿ ಗೋಷ್ಠಿಯಲ್ಲಿ ಮೊದಲ ಪ್ರಬಂಧವನ್ನು ಸಬೀರಾ ಅವರು ಮಂಡಿಸುವರು. ವಂದನಾರ್ಪಣೆ ಕೆಳಸಹಿದಾರರದು.

ಸಹಿ/-
(ಸಂಗನಬಸವ)
ನಿರ್ದೇಶಕರು

ವಿ.ಸೂ.: ಕಲಂ 5 ಕೆಳಸಹಿದಾರರು ಹೇಳಿ ಬರೆಸಿದ್ದಲ್ಲವೆಂಬುದು ಸಹಿಯಾದ ಮೇಲೆ ಅವರ ಗಮನಕ್ಕೆ ಬಂದಿದೆ. ಆದರೆ (ಪೂರ್ವಾನುಮತಿ ಪಡೆಯಲಾಗಿದೆ) ಓದದೆ ಸಹಿ ಮಾಡಿದ್ದನ್ನು ಒಪ್ಪಿಕೊಂಡರೆ ಹಿಂದಿನ ಹನ್ನೊಂದು ಸುತ್ತೋಲೆಗಳೂ ಬಿದ್ದುಹೋಗುವುದರಿಂದ, ಸದರಿ ಕಲಂ ಜಾರಿಯಲ್ಲಿರುತ್ತದೆ.

ಪ್ರತಿಗಳು:
1. ಸಬೀರಾ ಅವರಿಗೆ: ಈ ಸುತ್ತೋಲೆಯನ್ನು ಬೆರಳಚ್ಚು ಮಾಡಿದವರು ಅವರೇ ಆದ್ದರಿಂದ ಕಳುಹಿಸಿರುವುದಿಲ್ಲ.
2. ಶ್ರೀಮಂತ, ಮೈಕ್ ಸೆಟ್ಟಿನವರು, ಸೊಲ್ಲಾಪುರ ರಸ್ತೆ: ಕಲಂ 3ರ ಪ್ರಕಾರ ಕ್ರಮಕ್ಕಾಗಿ. ತೊರವಿಯಲ್ಲಿ ಮೊದಲ ಪ್ರಬಂಧ ಮುಗಿದ ಮೇಲಷ್ಟೇ.
3. ಅಡುಗೆಯ ನಂದಾ ಅವರಿಗೆ: ಅಂದು ಕೆಳಸಹಿದಾರರಿಗಾಗಿ ಒಂದು ತಟ್ಟೆ ತೆಗೆದಿಡಲು ವಿನಂತಿ.