ಅವ್ವ ಯಾವ ವಾರ್ಡು?

ಊರನ್ನು ತುಂಡು ಮಾಡುವುದು ಹೇಗೆಂಬ ಪ್ರಶ್ನೆ ನಿಮ್ಮನ್ನು ಕಾಡಿದೆಯೋ ಇಲ್ಲವೋ, ನನಗಂತೂ ಅದೊಂದು ಗೀಳು. ಬೀದಿಯ ಈ ಮಗ್ಗುಲಿನವನು ಒಂದು ವಾರ್ಡು, ಆ ಮಗ್ಗುಲಿನವನು ಇನ್ನೊಂದು ವಾರ್ಡು ಎಂದರೆ, ನಡುಬೀದಿಯಲ್ಲಿ ಮಲಗಿದ ಎಮ್ಮೆ ಯಾವ ವಾರ್ಡು? ಎಪ್ಪತ್ತರ ದಶಕದಲ್ಲಿ ಹಿರಿಯೂರನ್ನು ಹೊಸದಾಗಿ ವಾರ್ಡು ಮಾಡಿದಾಗ ಈ ಪ್ರಶ್ನೆ ನಮ್ಮ ಮನೆಯೊಳಕ್ಕೇ ಬಂತು. ಮಾರಿಕಣಿವೆ ಅಣೆಕಟ್ಟು ತುಂಬಿ ವೇದಾವತಿ ಊರಿಗೆ ನುಗ್ಗಿದರೆ ಯಾವ ವಾರ್ಡಿನವರು ಎಲ್ಲಿ ಸೇರಬೇಕೆಂಬುದೂ ಆಗಲೇ ತೀರ್ಮಾನವಾಯಿತು. ಬತ್ತಿದ ಹೊಳೆಯಲ್ಲಿ ಆಗ ಹುಡುಗರು ಚೆಂಡಾಡುತ್ತಿದ್ದರೆಂದು ನನ್ನ ನೆನಪು. ಮೊಣಕಾಲುದ್ದ ನೀರಿತ್ತು ಎನ್ನುತ್ತಾನೆ ಅಣ್ಣ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಅವನದನ್ನು ನಂಬುವ ಮಾತೆಲ್ಲಿ?

ನಾನೂ ಅಣ್ಣನೂ ಪಾಲಾಗಿದ್ದೆವು. ಮನೆಯ ನಡುವೆ ಗೋಡೆ ಎದ್ದಿತ್ತು, ಮಾತು ನಿಂತಿತ್ತು. ಅವ್ವನನ್ನು ಪಾಲು ಮಾಡಲಾಗದೆ, ಊಟ ಅಣ್ಣನ ಮನೆಯಲ್ಲಿ, ಹಾಸಿಗೆ ನನ್ನ ಮನೆಯಲ್ಲಿ ಎಂದು ಹಿರಿಯರು ಹೇಳಿದ್ದರು. ವಾರ್ಡಿನ ಗೆರೆ ಸರಿಯಾಗಿ ಆ ಗೋಡೆಯ ಮೇಲೇ ಹಾಯಿತು. ಅಣ್ಣನ ವಾರ್ಡು ಶಾಲೆಗೆ, ನನ್ನ ವಾರ್ಡು ಛತ್ರಕ್ಕೆ. ಮೇಷ್ಟ್ರು ಎಂಬ ಒಂದೇ ಕಾರಣಕ್ಕೆ ನನ್ನನ್ನು ನಮ್ಮ ವಾರ್ಡಿನ ಮುಖ್ಯಸ್ಥನನ್ನಾಗಿ ಮಾಡಿದರು.

ಒಂದು ಭಾನುವಾರ ಪ್ರವಾಹದ ತಾಲೀಮು. ತಮಟೆ ಬಡಿದದ್ದೇ ಜನರನ್ನು ಛತ್ರಕ್ಕೆ ಸಾಗಿಸಿ, "ಎಲ್ರೂ ಬಂದವ್ರೆ ಸಾರ್" ಎಂದು ತಾಲೀಮು ನಡೆಸಲು ಬಂದಿದ್ದ ಓವರ್ಸಿಯರ್‌ಗೆ ಬೀಗುತ್ತ ಹೇಳಿದೆ. ಶಾಲೆಯಲ್ಲಿ ಅಣ್ಣನೂ ತನ್ನ ಮನೆಯವರ ಬಗ್ಗೆ ಹಾಗೆಯೇ ಹೇಳಿದನಂತೆ. ಮನೆಗೆ ಬಂದರೆ ಅವ್ವ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಏನಪ್ಪ, ಹೊಳೆ ಬಂದು ಹೋತಾ?"

"ಅಣ್ಣನ ಜೊತೆ ಹೋಗ್ಲಿಲ್ವೇನವ್ವ?"

ಗೋಡೆಯಾಚೆಯಿಂದ ಅಣ್ಣ ಕೂಗಿದ: "ಲೇ, ಹಾಸಿಗೆ ನಿನ್ ಮನ್ಯಾಗೈತೆ. ಅವ್ವ ನಿನ್ ವಾರ್ಡು!"

"ಉಣ್ಣೋದು ನಿನ್ ಮನ್ಯಾಗಲ್ವಾ?"

"ಹಂಗಾರೆ ಹೊಟ್ಟೆ ಅವ್ನು ಹೊತ್ಕಂಡೋಗ್ಲಿ, ಮಿಕ್ಕಿದ್ದು ನೀನು ಹೊತ್ಕಳಪ್ಪ," ಎಂದಳು ಅವ್ವ.

ನಗು ಬಂತು. ಮರುಕ್ಷಣ ಅವಳು ಜಗಲಿ ಇಳಿಯಲು ಕಂಬ ಹಿಡಿದು ಮಂಡಿ ಮಡಿಸಲಾರದೆ ನಿಂತದ್ದು ಕಂಡು ನಗು ಆರಿತು. ಹೊಳೆ ನಿಜವಾಗಿ ಬಂದಿದ್ದರೆ?

ಮುಂದಿನ ತಾಲೀಮಿನ ದಿನ ತಮಟೆ ಕೇಳಿದ್ದೇ ನಾನು ಜಗಲಿಗೆ ಹಾರಿದೆ. ಅಣ್ಣ ಆಗಲೇ ಕುರ್ಚಿ ತಂದಿದ್ದ. "ಆ ಕಡೆ ಹಿಡಿಯೋ," ಎಂದ. ಪಾಲಾದ ಮೇಲೆ ಜಗಳಕ್ಕಲ್ಲದೆ ಅವನು ನನಗೆ ಆಡಿದ ಮೊದಲ ಮಾತು ಅದೇ ಇರಬೇಕು.

"ಎಲ್ಲಿಗವ್ವ?" ಎಂದೆ.

"ಶಾಲಿಗೇ ಹೋಗಾಣ. ಅಲ್ಲಿ ಬೇವಿನ ನೆಳ್ಳೈತೆ."

ಅವಳನ್ನು ಕೂರಿಸಿಕೊಂಡು ಊರೆಲ್ಲ ನೋಡುವಂತೆ ಹೊತ್ತೊಯ್ದೆವು. ನೆರಳಲ್ಲಿ ಇಳಿಸಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಓವರ್ಸಿಯರ್ ಸೈಕಲ್ ತುಳಿಯುತ್ತ ಬಂದರು. "ಏನ್ರೀ ಮೇಷ್ಟ್ರೇ, ಇಲ್ಲಿದೀರಾ? ನಾನು ಹೇಳೋತನ್ಕ ಯಾರೂ ಹೊರಡಬ್ಯಾಡ್ರಿ ಅಂತ ನೀವೇ ಜನಕ್ಕೆ ಅಂದಿದ್ರಂತೆ. ನಿಮ್ ವಾರ್ಡು ಪೂರಾ ಮನ್ಯಾಗೇ ಕುಂತೈತೆ!"

ಅವ್ವ ಸಮಾಧಾನವಾಗಿ ಎಲೆಅಡಿಕೆ ಬಾಯಿಗಿಟ್ಟುಕೊಂಡಳು. ಅಂದಿನ ತಾಲೀಮಿನ ಪ್ರಕಾರ ನನ್ನ ವಾರ್ಡು, ನನ್ನ ಹೆಂಡತಿಯೂ ಸೇರಿದಂತೆ, ಪೂರ್ತಿ ಮುಳುಗಿಹೋಗಿತ್ತು. ಬದುಕಿ ಉಳಿದವನು ಮುಖ್ಯಸ್ಥ ಒಬ್ಬನೇ.