ಕಾಕಾನ ಗಿಡ್ಡ ಮೊಳ

ಎರಡು ದೇಶಗಳು ಒಂದೇ ಹೊಳೆಯ ನೀರನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದನ್ನು ನಮ್ಮ ಕಾಕಾನಿಗಿಂತ ಚೆನ್ನಾಗಿ ತಿಳಿದವರನ್ನು ನಾನು ಕಂಡಿಲ್ಲ. ಹೀಗೆ ಬರೆದ ಕೂಡಲೇ ಅನುಮಾನ ಶುರುವಾಗುತ್ತದೆ. ಇದರಲ್ಲಿ ನಡೆದದ್ದೆಷ್ಟು, ಧಾರವಾಡದ ಹಾಸ್ಟೆಲಿನಲ್ಲಿ ಗೆಳೆಯರನ್ನು ನಗಿಸಲು ನಾನು ಸೇರಿಸಿದ್ದೆಷ್ಟು ಎಂದು ಈಗ ಬಿಡಿಸಿ ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಸಂಶಯದಿಂದ ನೋಡಲು ಕಲಿಸಿದರು. ನನ್ನ ನೆನಪಿಗೊಂದು ರಿಯಾಯಿತಿ ಏಕೆ?

ಕಾಕಾ ಅಗರಖೇಡದಲ್ಲಿ ಕನ್ನಡ ಶಾಲೆಯ ಮಾಸ್ತರ. ಗಿಡ್ಡ ಆಳು, ಉದ್ದ ಮಾತು. ತಾಲೂಕಿನ ಊರು ಇಂಡಿಯಿಂದ ಮೂರು ದಿನ ತಡವಾಗಿ ಬರುವ ಪತ್ರಿಕೆಯನ್ನು ಅಂದಿನ ಸುದ್ದಿಯೆಂಬಂತೆ ಕಟ್ಟೆಯ ಮೇಲೆ ಕೂತು ಓದಿ ಹೇಳುತ್ತಿದ್ದ. ಮಂತ್ರಿಯೊಬ್ಬರು ರಾಜೀನಾಮೆ ಕೊಟ್ಟು ಮನೆ ಸೇರಿದ ಮೇಲೂ ನಮ್ಮೂರಲ್ಲಿ ಮೂರು ದಿನ ಅಧಿಕಾರದಲ್ಲಿರುತ್ತಿದ್ದರು! ಹೀಗೊಂದು ದಿನ, ಭಾರತ-ಪಾಕಿಸ್ತಾನಗಳು ಸಿಂಧೂ ನೀರಿನ ಹಂಚಿಕೆಗೆ ಸಹಿ ಹಾಕಿದ ಸುದ್ದಿ ಓದಿದ. ಓದಿ, ಕನ್ನಡಕ ತೆಗೆದು, ಭೀಮಾ ಹೊಳೆಯ ಕಡೆ ನೋಡಿದ.

ನಮ್ಮ ಹೊಳೆಯೂ ಒಂದು ಕಾಲಕ್ಕೆ ಗಡಿಯೇ ಆಗಿತ್ತು. ಆಚೆಯ ದಂಡೆ ನಿಜಾಮನದು, ಈಚೆಯದು ಇಂಗ್ರೇಜರದು. ಇಬ್ಬರೂ ಹೋಗಿ, ಎರಡು ದಂಡೆಗಳೂ ಒಂದೇ ರಾಜ್ಯ ಸೇರಿ ವರ್ಷಗಳಾಗಿದ್ದವು. ಆದರೆ ಬೇಸಿಗೆಯಲ್ಲಿ ಹೊಳೆ ಸೊರಗಿ ಉಸುಕಿನ ನಡುವೆ ಒಂದೇ ಎಳೆಯಾಗಿ ಹರಿಯುವಾಗ ಆ ಗಡಿ ಮತ್ತೆ ಎದ್ದು ಕೂಡುತ್ತಿತ್ತು. ಎರಡೂ ಕಡೆಯವರು ಉಸುಕಿನಲ್ಲಿ ಕಲ್ಲಂಗಡಿ ಬೆಳೆಯುವವರು. ಇವರು ಉಸುಕಿನ ಒಡ್ಡು ಹಾಕಿ ನೀರನ್ನು ಈಚೆ ತಿರುಗಿಸಿದರೆ, ಬೆಳಗಾಗುವುದರೊಳಗೆ ಅವರು ಅದನ್ನು ಒಡೆದು ಆಚೆ ಒಯ್ಯುತ್ತಿದ್ದರು. ಪ್ರತಿ ವರ್ಷ ಒಂದೆರಡು ತಲೆಗಳೂ ಒಡೆಯುತ್ತಿದ್ದವು.

“ಯುದ್ಧ ಮಾಡಿದವರ ಕೂತು ಮಾತಾಡ್ಯಾರ. ನಮಗೇನಾಗ್ಯದ?” ಎಂದ ಕಾಕಾ.

ಮೊದಲ ಪ್ರಯೋಗ ಮನೆಯಲ್ಲೇ ನಡೆಯಿತು. ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಯಾರಿಗೆ ಎಷ್ಟು ತಂಬಿಗೆ ಎಂದು ಬರೆದು ಗೋಡೆಗೆ ಅಂಟಿಸಿದ. ಕಾಕಾನ ಹೆಂಡತಿ, ನಮ್ಮ ಕಾಕು, ಅದನ್ನು ನಿಧಾನವಾಗಿ ಓದಿದಳು. “ನೀರು ಸೇದಾಕಿ ನಾನು, ಕಾಸಾಕಿ ನಾನು. ನಿಮಗ ಇವತ್ತಿಂದ ತಣ್ಣೀರು,” ಎಂದಳು. ಒಪ್ಪಂದ ಅಲ್ಲಿಗೆ ಮುಗಿಯಿತು. ಮೇಲಿನ ದೇಶವನ್ನು ಕೇಳದೆ ಕೆಳಗಿನ ದೇಶ ಕಾಗದ ಬರೆಯಬಾರದು ಎಂದು ಕಾಕಾ ತನ್ನ ಟಿಪ್ಪಣಿಯ ವಹಿಯಲ್ಲಿ ಗುರುತು ಹಾಕಿಕೊಂಡ. ನಡುಗುತ್ತಲೇ ಬರೆದನೆಂದು ನನ್ನ ನೆನಪು.

ಆಮೇಲೆ ಕಾಕಾ ಎರಡೂ ದಂಡೆಯವರನ್ನು ಕರೆದ ಹೊಳೆಯ ಸಭೆಗೆ ಬೇರೊಂದು ತೊಡಕು. ಅವರ ಉಸುಕಿನ ಮೇಲೆ ಇವರು ಕೂಡರು, ಇವರದರ ಮೇಲೆ ಅವರು ಕೂಡರು. ಕೊನೆಗೆ ನಡು ನೀರಿನಲ್ಲಿ, ಮೊಳಕಾಲವರೆಗೆ ಧೋತರ ಎತ್ತಿಕೊಂಡು ನಿಂತೇ ಸಭೆಯಾಯಿತು. ಅಷ್ಟು ಚುಟುಕಾದ ಸಭೆಯನ್ನು ನಾನು ಮುಂದೆಲ್ಲೂ ಕಂಡಿಲ್ಲ. ಕಾಲಿಗೆ ಮೀನು ಕಚ್ಚುತ್ತಿದ್ದರೆ ಯಾರು ಭಾಷಣ ಮಾಡುತ್ತಾರೆ? ನಾಲ್ಕು ದಿನ ಈ ದಂಡೆಗೆ, ನಾಲ್ಕು ದಿನ ಆ ದಂಡೆಗೆ ನೀರು ಎಂದು ನಿಗದಿಯಾಯಿತು. ಹೊಳೆಯ ನಡುವಿನ ಬಂಡೆಯ ಹತ್ತಿರದ ಮಡುವಿನಲ್ಲಿ ನೀರು ಒಂದು ಮೊಳಕ್ಕಿಂತ ಇಳಿದರೆ ಕಲ್ಲಂಗಡಿಗೆ ಯಾರೂ ನೀರು ಬಿಡಬಾರದು. ಆಮೇಲೆ ಉಳಿದದ್ದು ಜನಕ್ಕೆ, ದನಕ್ಕೆ.

ಆದರೆ ಯಾರ ಮೊಳ? ಆಚೆಯವರ ಮುಖ್ಯಸ್ಥ ಇಮಾಮಸಾಬ ತೆಂಗಿನ ಮರದಂಥ ಆಳು. ಅವನ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದರೆ ಮಡುವಿನ ನೀರು ಮುಕ್ಕಾಲು ಮೊಳ. ಕಾಕಾ ಅದೇ ನೀರನ್ನು ಅಳೆದರೆ ಮೊಳದ ಮೇಲೆ ನಾಲ್ಕು ಬೆರಳು! ಮತ್ತೆ ಬಡಿಗೆಗಳು ಎದ್ದವು. ಇಮಾಮಸಾಬ ಕಾಕಾನ ಕೈಯನ್ನು ಹಿಡಿದು ಹೊರಳಿಸಿ ನೋಡಿದ. “ಮಾಸ್ತರ್ರ ಕೈನ ಇರಲಿ ಬಿಡ್ರಿ. ಗಿಡ್ಡ ಐತಿ, ಹಣ್ಣಿಗೆ ಇನ್ನ ನಾಕ ದಿನ ನೀರ ಸಿಗತೈತಿ,” ಎಂದ. ಎರಡೂ ದಂಡೆಗಳು ಒಪ್ಪಿದ್ದು ನ್ಯಾಯಕ್ಕಲ್ಲ, ಆ ಗಿಡ್ಡ ಕೈಗೆ.

ಅಂದಿನಿಂದ ಕಾಕಾ ದಿನವೂ ಬೆಳಿಗ್ಗೆ ಹೊಳೆಗಿಳಿದು, ಮಡುವಿನಲ್ಲಿ ಕೈ ಅದ್ದಿ, ಮೊದಲು ಆಚೆ ಹೋಗಿ ಲೆಕ್ಕ ಹೇಳಿ, ಆಮೇಲೆ ಈಚೆ ಬಂದು ಹೇಳುತ್ತಿದ್ದ. ರಜೆಗೆ ಬಂದಿದ್ದ ನನಗೆ ತಡೆಯಲಾಗಲಿಲ್ಲ. ಶಾಲೆಯ ಫೂಟುಪಟ್ಟಿಯನ್ನು ಬಂಡೆಗೆ ಕಟ್ಟಿದರೆ ಮುಗಿಯಿತಲ್ಲ ಎಂದೆ.

“ಪಟ್ಟಿ ಸುಳ್ಳು ಹೇಳೂದಿಲ್ಲ, ಖರೆ,” ಎಂದ ಕಾಕಾ. “ಆದರ ಅದು ಯಾರ ಪಟ್ಟಿ ಅಂತ ಕೇಳ್ತಾರಪಾ. ನಾ ದಿನಾ ಎರಡೂ ದಂಡಿಗೆ ಹೋಗ್ತೇನಿ. ನನ್ನ ಬೈಲಿಕ್ಕೆ ಇಬ್ಬರಿಗೂ ಹಕ್ಕದ.”

ಅರ್ಥಶಾಸ್ತ್ರದಲ್ಲಿ ಎರಡು ವರ್ಷ ಓದಿದ್ದರಲ್ಲಿ ಇಂಥ ವಾಕ್ಯ ಒಂದೂ ಇರಲಿಲ್ಲ. ಜಗಳ ನೀರಿನ ಕೊರತೆಯದಲ್ಲ, ಅಳೆಯುವವನ ಮೇಲಿನ ಅಪನಂಬಿಕೆಯದು ಎಂದು ಈಗ ಅನಿಸುತ್ತದೆ. ಆಗ ನಕ್ಕಿದ್ದೆ.

ಆ ಬೇಸಿಗೆಯ ನಡುವೆ, ನಮ್ಮ ದಂಡೆಯ ಸರದಿಯ ಮೊದಲ ದಿನವೇ, ನೀರು ಕಾಕಾನ ಮೊಳಕ್ಕಿಂತ ಕೆಳಗೆ ಇಳಿಯಿತು. ಕಾಯಿಗಳು ಇನ್ನೂ ಕೈಮುಷ್ಟಿಯಷ್ಟಿದ್ದವು. ನಮ್ಮವರೆಲ್ಲ ಮನೆಗೆ ಬಂದರು. ಮಾಸ್ತರ ಯಾರ ಕಡೆ, ಒಂದು ದಿನ ಕೈಯನ್ನು ಒಂದಿಷ್ಟು ಉಸುಕಿನೊಳಗೆ ಒತ್ತಿ ಹಿಡಿದರೆ ಏನು ಹೋಗುತ್ತದೆ ಎಂದು ಕೇಳಿದರು. ಕಾಕಾ ಸಲಿಕೆ ಹಿಡಿದು ಹೋಗಿ, ಮೊದಲು ನಮ್ಮ ಮನೆಯದೇ ಬಳ್ಳಿಗಳ ಕಾಲುವೆಗೆ ಉಸುಕು ಎಳೆದು ಮುಚ್ಚಿದ. ಎಂಟು ದಿನದಲ್ಲಿ ಬಳ್ಳಿಗಳು ಒಣಗಿದವು. ಊರವರು ಅವನ ಪತ್ರಿಕೆ ಕೇಳಲು ಬರುವುದನ್ನು ಬಿಟ್ಟರು. ಕಾಕಾ ಖಾಲಿ ಕಟ್ಟೆಗೇ ಓದಿ ಹೇಳಿದ. ಆಚೆಯ ದಂಡೆಯವರು ಎಲ್ಲವನ್ನೂ ನೋಡುತ್ತಿದ್ದರು.

ಮುಂದಿನ ಬೇಸಿಗೆಯಲ್ಲಿ ಕಾಕಾ ತೀರಿಕೊಂಡ. ಮೂರು ದಿನದ ಜ್ವರ, ಅಷ್ಟೇ.

ಹತ್ತನೆಯ ದಿನದ ಕ್ರಿಯೆಗೆ ನಾವು ಹೊಳೆಗೆ ಹೋದೆವು. ನೀರು ಆಚೆಯವರ ಸರದಿ. ಸೂತಕದ ದಿನಗಳಲ್ಲಿ ನಾವ್ಯಾರೂ ಹೊಳೆಯ ಕಡೆ ಹೋಗಿರಲಿಲ್ಲ. ನಮ್ಮ ದಂಡೆಗೆ ಬರೀ ಉಸುಕು ಎಂದುಕೊಂಡು, ಸ್ನಾನಕ್ಕೆ ಕೊಡಗಳಲ್ಲಿ ನೀರು ಹೊತ್ತೇ ಹೊರಟಿದ್ದೆವು. ಹೋಗಿ ನೋಡಿದರೆ ಈಚೆ ಮೊಳಕಾಲುದ್ದ ನೀರು ಹರಿಯುತ್ತಿತ್ತು. ನೀರನ್ನು ಆಚೆ ತಿರುಗಿಸುವ ಅವರ ಒಡ್ಡು ಕಡಿದು ಬಿದ್ದಿತ್ತು. ಅದರ ಪಕ್ಕ ಇಮಾಮಸಾಬ ಸಲಿಕೆ ಊರಿಕೊಂಡು ನಿಂತಿದ್ದ. ಹತ್ತಿರ ಬರಲಿಲ್ಲ.

ಇದನ್ನು ನಾನು ಬಹಳ ಕಾಲ ನಂಬಲಿಲ್ಲ. ದುಃಖದಲ್ಲಿರುವವನ ಕಣ್ಣು ತನಗೆ ಬೇಕಾದ ನೀರನ್ನು ತಾನೇ ಹರಿಸಿಕೊಳ್ಳಬಹುದು. ಅದಕ್ಕೇ ಕೆಲವು ವರ್ಷಗಳ ಮೇಲೆ ಹೊಳೆ ದಾಟಿ ಆಚೆಯ ಊರಿಗೆ ಹೋಗಿ ಕೇಳಿದೆ. ಇಮಾಮಸಾಬ ಸಂತೆಗೆ ಹೋಗಿದ್ದ. ಅವನ ಹೆಂಡತಿ ಸಿಕ್ಕಳು. ಗಂಡನ ಮೇಲೆ ಆ ಬೇಸಿಗೆಯ ಸಿಟ್ಟು ಅವಳಿಗಿನ್ನೂ ಆರಿರಲಿಲ್ಲ. ನೆರೆಯ ಇಬ್ಬರನ್ನು ಬೇರೆ ಬೇರೆ ಕೇಳಿದೆ, ಮಾತು ಒಂದೇ ಬಂತು: ಮಾಸ್ತರ ತೀರಿದ ಸುದ್ದಿ ಕೇಳಿದ ದಿನವೇ ಇಮಾಮಸಾಬ ಒಡ್ಡು ಕಡಿದಿದ್ದ, ಹತ್ತು ದಿನ ಯಾರಿಗೂ ಅದನ್ನು ಕಟ್ಟಗೊಡಲಿಲ್ಲ, ಮತ್ತು ಆ ವರ್ಷ ಅವನ ಉಸುಕಿನಿಂದ ಒಂದು ಕಲ್ಲಂಗಡಿಯೂ ಸಂತೆಗೆ ಹೋಗಲಿಲ್ಲ.