ಇನ್ನೂ ಬಾರದ ಶುಕ್ರವಾರದ ನಿದ್ದೆ

ನನ್ನಷ್ಟು ತುರಿಸಿಕೊಂಡವನು ಈ ಭೂಮಂಡಲದಲ್ಲಿ ಇನ್ನೊಬ್ಬನಿಲ್ಲ! ನನ್ನ ಬೆನ್ನು ಕೆರೆದೂ ಕೆರೆದೂ ಮೂರು ಬಾಚಣಿಗೆಗಳು ಹಲ್ಲುದುರಿಸಿಕೊಂಡಿವೆ. ಎರಡು ವರ್ಷದಿಂದ ಎವೆ ಮುಚ್ಚಿಲ್ಲವೆಂದು ಮೊಮ್ಮಕ್ಕಳ ಮುಂದೆ ಕೊಚ್ಚಿಕೊಂಡಿದ್ದೆ. ಚರ್ಮದ ಡಾಕ್ಟರಿಗೂ ಅದನ್ನೇ ಸಾಬೀತು ಮಾಡಿ, ನಿದ್ದೆ ಮಾತ್ರೆ ಗಿಟ್ಟಿಸಿಯೇ ಬರುವೆನೆಂದು ಪಣ ತೊಟ್ಟೆ.

ಹೆಂಡತಿಯೂ ಪಣ ತೊಟ್ಟಿದ್ದಳು. "ರೀ, ಈ ಸಲ ವಾಸಿಯಾಗ್ಲಿಲ್ಲ ಅಂದ್ರೆ ನನ್ನ ಹಾಸಿಗೆ ನಡುಮನೆಗೆ. ನಲವತ್ತೆರಡು ವರ್ಷ ಪಕ್ಕದಲ್ಲಿ ಮಲಗಿದ್ದು ಸಾಕು!"

ಡಾಕ್ಟರಮ್ಮ ಮಾತ್ರೆ ಕೊಡಲಿಲ್ಲ. ಕೈಗಡಿಯಾರದಂಥ ಒಂದು ಪಟ್ಟಿ, ಜೊತೆಗೊಂದು ಹಾಳೆ ಕೊಟ್ಟರು.

"ತಾತ, ಏಳು ರಾತ್ರಿ ಇದನ್ನ ಕಟ್ಕೊಂಡು ಮಲಗಿ. ಕೈ ಎಷ್ಟು ಆಡ್ತು, ಎಷ್ಟು ಸುಮ್ನಿತ್ತು ಅಂತ ಇದು ಲೆಕ್ಕ ಇಡುತ್ತೆ. ಎಷ್ಟು ಗಂಟೆ ನಿದ್ದೆ ಬಂತು ಅಂತ ದಿನಾ ಬೆಳಿಗ್ಗೆ ನೀವು ಹಾಳೇಲಿ ಬರೀರಿ."

ದಿನಾ ಯಾರು ಬರೆಯುತ್ತಾರೆ? ಮನೆಗೆ ಬಂದವನೇ ಏಳೂ ರಾತ್ರಿಗೆ ಒಂದೇ ಏಟಿಗೆ ಸೊನ್ನೆ ಸುತ್ತಿದೆ! ಪಟ್ಟಿಯೋ, ಕಟ್ಟಿದ ಹತ್ತೇ ನಿಮಿಷಕ್ಕೆ ಅದರ ಕೆಳಗೇ ತುರಿಕೆ. ಕಿತ್ತು ದಿಂಬಿನ ಪಕ್ಕ ಎಸೆದೆ.

ತಾಳ್ಮೆ ನಮ್ಮ ವಂಶಕ್ಕೇ ಇಲ್ಲ. ಆರನೇ ದಿನವೇ ಹೆಂಡತಿಯೊಂದಿಗೆ ಆಸ್ಪತ್ರೆಗೆ ಹಾಜರಾದೆ. ಪಟ್ಟಿಯನ್ನು ಅವಳೇ ಎತ್ತಿಕೊಂಡು ಬಂದಿದ್ದಳು.

ನನ್ನ ಹಾಳೆ ನೋಡಿ ಡಾಕ್ಟರಮ್ಮ ನಕ್ಕರು. "ಶುಕ್ರವಾರವೂ ನಿದ್ದೆ ಬರ್ಲಿಲ್ವಾ ತಾತ?"

"ಒಂದು ಚೂರೂ ಇಲ್ಲ!"

"ಇವತ್ತು ಗುರುವಾರ."

"ಅನುಭವಸ್ಥರಿಗೆ ಮೊದ್ಲೇ ಗೊತ್ತಾಗುತ್ತೆ ಡಾಕ್ಟರಮ್ಮ!"

ಅವರು ಪಟ್ಟಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದರು. ನಗು ಮಾಯವಾಯಿತು. "ಛೇ, ಇದು ನಿಜಕ್ಕೂ ಕಷ್ಟ. ರಾತ್ರಿಗೆ ಎರಡೂವರೆ ಗಂಟೆ ನಿದ್ದೆ. ಹನ್ನೊಂದು ಸಲ ಎಚ್ಚರ!"

"ನೋಡಿದ್ಯೇನೇ?" ಎಂದು ಹೆಂಡತಿಯತ್ತ ಮೀಸೆ ತಿರುವಿದೆ. ಕಿತ್ತೆಸೆದ ಪಟ್ಟಿಯೂ ನನ್ನ ಪರವಾಗಿ ಸಾಕ್ಷಿ ನುಡಿಯಿತಲ್ಲ!

ಅವಳು ತಣ್ಣಗೆ ಹೇಳಿದಳು. "ಆ ಕೈ ನಂದು ಡಾಕ್ಟರಮ್ಮ. ಇವ್ರು ಎಸೆದ್ರು, ಸುಮ್ನೆ ಬಿದ್ದಿದ್ಯಲ್ಲ ಅಂತ ನಾನೇ ಕಟ್ಕೊಂಡೆ."

"ನೀವ್ಯಾಕಮ್ಮ ಅಷ್ಟು ಸಲ ಏಳ್ತೀರಿ?"

"ಇವ್ರು ನಿದ್ದೇಲೇ ಪರಪರ ಕೆರ್ಕೋತಾರೆ. ರಕ್ತ ಬರುತ್ತಲ್ಲ ಅಂತ ಕೈ ಹಿಡ್ಕೊಂಡು ಕೂತಿರ್ತೀನಿ. ಇವ್ರಿಗೆಲ್ಲಿ ಎಚ್ಚರ? ಸಿಡಿಲು ಬಡಿದ್ರೂ ಏಳಲ್ಲ!"

ಮೀಸೆ ತಾನಾಗಿಯೇ ಇಳಿಯಿತು.

"ತಾತ, ನಿದ್ದೆ ಇಲ್ದೇ ಇರೋದು ನಿಮ್ಮ ಕೈಗೆ, ನಿಮಗಲ್ಲ," ಎಂದರು ಡಾಕ್ಟರಮ್ಮ. "ಪಕ್ಕದಲ್ಲಿ ಮಲಗೋರನ್ನ ನಾನೂ ಮೊದ್ಲೇ ಕೇಳ್ಬೇಕಿತ್ತು."

ಉಗುರು ಕತ್ತರಿಸಿಕೊಂಡೆ. ಸ್ನಾನವಾದ ಕೂಡಲೇ ಮುಲಾಮು, ಮಲಗುವಾಗ ಹತ್ತಿಯ ಕೈಗವಸು. ಬಾಕ್ಸಿಂಗ್ ಪೈಲ್ವಾನನಂತೆ ಮಲಗಿದೆ! ತಿಂಗಳೊಳಗೆ ತುರಿಕೆ ಅರ್ಧಕ್ಕಿಳಿಯಿತು. ಹಾಸಿಗೆ ನಡುಮನೆಗೆ ಹೋಗಲಿಲ್ಲ.

ಒಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ಮನೆಯೆಲ್ಲ ನಿಶ್ಶಬ್ದ. ಒಲೆ ತಣ್ಣಗಿದೆ. ಪಕ್ಕದಲ್ಲಿ ಇವಳು ಮಗುವಿನ ಹಾಗೆ ಬಾಯಿ ತೆರೆದು ಮಲಗಿದ್ದಾಳೆ! ಎಬ್ಬಿಸಲು ಮನಸ್ಸಾಗದೆ ನೋಡುತ್ತಾ ಕುಳಿತೆ. ಕೊನೆಗೆ ಕಣ್ಣು ಬಿಟ್ಟಳು.

"ಗಂಟೆ ಎಷ್ಟುರೀ?"

"ಎಂಟೂಕಾಲು! ನೋಡಿದ್ಯಾ, ನನ್ನಿಂದ ನಿಂಗೆ ಎಂಥಾ ನಿದ್ದೆ!"

ಮಗ್ಗುಲು ಬದಲಿಸಿ, ಹೊದಿಕೆ ಎಳೆದುಕೊಂಡಳು. "ಹಾಗಾದ್ರೆ ಹೋಗಿ ಹಾಲು ಕಾಯ್ಸಿ. ಈಗ ನಿಮ್ಮ ಕೈ ಖಾಲಿ ಇದ್ಯಲ್ಲ!"